ಟ್ರ್ಯಾಕ್ಟರ್‌ಗೆ ಹಳೇ ಟ್ರೇಲರ್ ಕೊಳ್ಳುವಾಗ: ಎರಡು ಚಕ್ರದ್ದಾ, ನಾಲ್ಕು ಚಕ್ರದ್ದಾ?

ಗೊಬ್ಬರ, ಮಣ್ಣು ಹೊಡೆಯುವ ಕೆಲಸವೇ ಜಾಸ್ತಿ ಇದ್ದರೆ ಎರಡು ಚಕ್ರದ ಟ್ರೇಲರ್ ಸಾಕು. ರಿವರ್ಸ್ ಸುಲಭ, ಟೈರ್ ಖರ್ಚೂ ಕಡಿಮೆ. ಆದರೆ ಭಾರದ ಒಂದು ಪಾಲು ಟ್ರ್ಯಾಕ್ಟರ್ ಹುಕ್ ಮೇಲೆ ಬೀಳುತ್ತದೆ. ಅದಕ್ಕೇ ಮೊದಲು ಹುಕ್‌ಗೆ ಸಿಕ್ಕಿಸುವ ಬಳೆ ನೋಡಿ. ಸವೆದು ತೆಳುವಾಗಿದ್ದರೆ ಬದಲಿಸಲೇಬೇಕು. ಬಳೆಯ ಹಿಂದಿನ ವೆಲ್ಡಿಂಗ್ ಮೇಲೆ ಹೊಸ ಪೇಂಟ್ ಇದ್ದರೆ ಕೆರೆದು ನೋಡಿ, ಬಿರುಕು ಅಡಗಿರುವುದು ಅಲ್ಲೇ.

ಕಬ್ಬಿನ ಲೋಡಿಗೆ ನಾಲ್ಕು ಚಕ್ರದ್ದೇ ಸರಿ, ಭಾರವನ್ನು ತಾನೇ ಹೊರುತ್ತದೆ. ರಿವರ್ಸ್ ಮಾತ್ರ ಕಷ್ಟ, ಅಭ್ಯಾಸ ಬೇಕು. ಜಾಕ್ ಕೊಟ್ಟು ನಾಲ್ಕೂ ಚಕ್ರ ಅಲ್ಲಾಡಿಸಿ. ಲೊಡಲೊಡ ಅಂದರೆ ಬೇರಿಂಗ್ ಕೆಲಸ ಇದೆ ಅಂತ.

ತಳದ ತಗಡು ತೂತಾಗಿದ್ದರೆ ಹೆದರಬೇಡಿ, ಹೊಸದು ಹಾಕಿಸಬಹುದು. ಆದರೆ ಚಾಸಿ (ಅಡಿಯ ಕಬ್ಬಿಣದ ಚೌಕಟ್ಟು) ಬಾಗಿದ್ದರೆ ಎಷ್ಟೇ ಅಗ್ಗವಾದರೂ ಬೇಡ.