ನೋಟಿಸ್ ಪೀರಿಯಡ್ 90 ದಿನ, ವಕೀಲರ ಫೀಸು 2,000 ರೂಪಾಯಿ

ಕೆಲಸ ಬಿಡುವಾಗ ನನಗೆ ಸಲಹೆ ಕೊಟ್ಟ ವಕೀಲರ ಬಗ್ಗೆ ಈ ರಿವ್ಯೂ. ಮೊದಲೇ ಹೇಳಿಬಿಡುತ್ತೇನೆ, ಅವರ ಹೆಸರು ಹಾಕುವುದಿಲ್ಲ. ರಿವ್ಯೂ ಬರೆಯಲಾ ಅಂತ ಕೇಳಿದ್ದಕ್ಕೆ "ಬರೀರಿ, ನನ್ನ ಹೆಸರು ಬೇಡ" ಅಂದರು. ವಕೀಲರು ಜಾಹೀರಾತು ಮಾಡಿಕೊಳ್ಳಬಾರದು ಅಂತ ಬಾರ್ ಕೌನ್ಸಿಲ್ ನಿಯಮವೇ ಇದೆ. ವಿಜಯನಗರದಲ್ಲಿ ಜೆರಾಕ್ಸ್ ಅಂಗಡಿ ಮೇಲೆ ಒಂದು ರೂಮು, ಒಬ್ಬ ಗುಮಾಸ್ತ, ಒಬ್ಬರು ವಕೀಲ ಮೇಡಂ. ಅಷ್ಟು ಸಾಕು. ಇಂಥವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ಆಫೀಸಿನಲ್ಲಿ ಯಾರನ್ನಾದರೂ ಕೇಳಿದರೆ ಒಂದು ನಂಬರ್ ಸಿಗುತ್ತೆ.

ನನ್ನ ಕಥೆ ಹೊಸದೇನಲ್ಲ. ಪೇಪರ್ ಹಾಕಿದೆ, ಅಂದರೆ ರಾಜೀನಾಮೆ ಕೊಟ್ಟೆ. ಹಳೇ ಕಂಪನಿಯಲ್ಲಿ ನೋಟಿಸ್ 90 ದಿನ, ಅಂದರೆ ಆಮೇಲೂ ಅಷ್ಟು ದಿನ ದುಡಿದೇ ಹೊರಡಬೇಕು; ಹೊಸ ಕಡೆ 45 ದಿನದಲ್ಲಿ ಬನ್ನಿ ಅಂದಿದ್ದರು. ಮ್ಯಾನೇಜರ್ "ಪ್ರಾಜೆಕ್ಟ್ ಕ್ರಿಟಿಕಲ್ ಇದೆ, 90ರಲ್ಲಿ ಒಂದು ದಿನವೂ ಬಿಡೋಕಾಗಲ್ಲ" ಅಂದರು. ಅದೇ ಪ್ರಾಜೆಕ್ಟಿನಲ್ಲಿ ಹಿಂದಿನ ವರ್ಷ ನನಗೆ ಹೈಕ್ ಕೊಡುವಾಗ ಅದು ಅಷ್ಟೊಂದು ಕ್ರಿಟಿಕಲ್ ಇರಲಿಲ್ಲ, ಇರಲಿ ಬಿಡಿ. ಸ್ನೇಹಿತರು ಆಳಿಗೊಂದು ಮಾತು ಹೇಳಿದರು. ಒಬ್ಬ ಅಮ್ಮನಿಗೆ ಹುಷಾರಿಲ್ಲ ಅಂತ ಬರಿ ಅಂದ. ಇನ್ನೊಬ್ಬ ಲ್ಯಾಪ್‌ಟಾಪ್ ವಾಪಸ್ ಕೊಟ್ಟು ನಡಿ, ಏನೂ ಮಾಡೋಕಾಗಲ್ಲ ಅಂದ. ಮೂರನೆಯವನು ಕಾಂಟ್ರಾಕ್ಟ್ ಕಾಯ್ದೆಯ ಸೆಕ್ಷನ್ 27 ಅಂತ ಶುರು ಮಾಡಿದ. ತಲೆ ಕೆಟ್ಟು ಮೇಡಂ ಹತ್ತಿರ ಹೋದೆ.

ಸಂಜೆ ಆರಕ್ಕೆ ಬನ್ನಿ ಅಂದವರು ಕರೆದಿದ್ದು ಆರೂ ನಲವತ್ತಕ್ಕೆ. ಒಂದು ಸ್ಟಾರ್ ಅಲ್ಲೇ ಹೋಯಿತು. ಮಾತಿನ ಮಧ್ಯೆ ಎರಡು ಸಲ ಫೋನ್ ಎತ್ತಿಕೊಂಡರು, ಅದೂ ಬೇಜಾರಾಯಿತು.

ಆದರೆ ಕೂತ ಮೇಲೆ ಮೊದಲು ಕೇಳಿದ್ದು "ಅಪಾಯಿಂಟ್‌ಮೆಂಟ್ ಲೆಟರ್ ಎಲ್ಲಿ?" ಅಂತ. ಮೊಬೈಲ್ ಚಾಚಿದೆ. ಕೈಯಲ್ಲೂ ಮುಟ್ಟಲಿಲ್ಲ. "ಕೆಳಗೆ ಹೋಗಿ ಪ್ರಿಂಟ್ ತಗೊಂಡು ಬನ್ನಿ, ಸ್ಕ್ರೀನಲ್ಲಿ ನಾನು ಓದಲ್ಲ." ಹನ್ನೊಂದು ಪುಟ. ನಾನು ನಾಲ್ಕು ವರ್ಷದ ಹಿಂದೆ ಓದದೇ ಸಹಿ ಹಾಕಿದ್ದ ಹನ್ನೊಂದು ಪುಟ. ಅವರು ಕೆಂಪು ಪೆನ್ ಹಿಡಿದು ನಿಧಾನಕ್ಕೆ ಬೆರಳಿಟ್ಟು ಓದುತ್ತಾ ಹೋದರು, ಏಳನೇ ಪುಟದಲ್ಲಿ ನಿಂತು ಎರಡೇ ಎರಡು ಪದಕ್ಕೆ ಗೆರೆ ಎಳೆದರು. 90 ದಿನದ ನೋಟಿಸ್ "ಅಥವಾ" ಅದಕ್ಕೆ ಬದಲಾಗಿ "ಬೇಸಿಕ್" ಸಂಬಳ, ಅಂದರೆ ಭತ್ಯೆಗಳನ್ನು ಬಿಟ್ಟು ಮೂಲ ಸಂಬಳ ಮಾತ್ರ. ಅದರ ಕೆಳಗಿನ ಸಾಲಿನಲ್ಲಿ, ದುಡ್ಡು ತಗೊಂಡು ಬಿಡುವುದೋ ಬೇಡವೋ ಕಂಪನಿಯ ಇಷ್ಟ ಅಂತಲೂ ಇತ್ತು. ಅದಕ್ಕೂ ಒಂದು ಗೆರೆ ಬಿತ್ತು.

"ಇದು ಇರೋದ್ರಿಂದ ಜಗಳಕ್ಕೆ ಹೋಗಬೇಡಿ," ಅಂದರು. "ನಿಮ್ಮನ್ನ ಕಟ್ಟಿಹಾಕಿ ಕೆಲಸ ಮಾಡಿಸಿ ಅಂತ ಯಾವ ಕೋರ್ಟೂ ಹೇಳಲ್ಲ. ಆದ್ರೆ ಅವರು ದುಡ್ಡು ಕೇಳಬಹುದು, ರಿಲೀವಿಂಗ್ ಲೆಟರ್, ಅಂದ್ರೆ ಕೆಲಸದಿಂದ ಬಿಡುಗಡೆ ಪತ್ರ, ತಡ ಮಾಡಬಹುದು. ನೀವು ಕೋರ್ಟಲ್ಲಿ ಗೆದ್ದು ಲೆಟರ್ ತರೋ ಹೊತ್ತಿಗೆ ಹೊಸ ಕಂಪನಿಯವರು ಆ ಸೀಟಿಗೆ ಬೇರೆಯವರನ್ನ ಕೂರಿಸಿರ್ತಾರೆ."

ಸೆಕ್ಷನ್ 27ರ ಮಾತೆತ್ತಿದೆ. ನಕ್ಕರು. 1872ರ ಕಾಂಟ್ರಾಕ್ಟ್ ಕಾಯ್ದೆಯ ಆ ಸೆಕ್ಷನ್ ಕೆಲಸ ಬಿಟ್ಟ ಮೇಲೆ ಬೇರೆ ಕಡೆ ದುಡಿಯಬೇಡ ಅನ್ನುವ ಷರತ್ತನ್ನು ತಡೆಯುತ್ತೆ, ಕೆಲಸದಲ್ಲಿ ಇರುವಾಗಿನ ನೋಟಿಸ್‌ಗೆ ಅದನ್ನು ಎಳೆದು ತರಬೇಡಿ ಅಂದರು. ಮಂಗಳೂರಲ್ಲಿ ಹುಟ್ಟಿದ ನಮ್ಮ ವಿಜಯಾ ಬ್ಯಾಂಕಿನ ಕೇಸ್ ಹೇಳಿದರು. ಮೂರು ವರ್ಷ ಮುಗಿಯುವ ಮೊದಲೇ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನುವ ಷರತ್ತು. ಬಿಟ್ಟುಹೋದ ಅಧಿಕಾರಿ ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದಿದ್ದರು, ಆದರೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಷರತ್ತು ಸರಿ ಅಂದಿತು. ನಾನು ಸುಮ್ಮನಾದೆ.

ಅಮ್ಮನ ಆರೋಗ್ಯದ ಐಡಿಯಾವನ್ನೂ ಹೇಳಿ ನೋಡಿದೆ. "ಬರೀಬೇಡಿ. ವರ್ಕ್ ಫ್ರಮ್ ಹೋಮ್ ಮಾಡಿ, ಅಮ್ಮನ್ನೂ ನೋಡ್ಕೊಳ್ಳಿ ಅಂತಾರೆ. ಆಮೇಲೆ ಏನ್ ಮಾಡ್ತೀರಾ?" ಇದು ನನಗೆ ಹೊಳೆದೇ ಇರಲಿಲ್ಲ.

ಅವರು ಹೇಳಿದ ದಾರಿ ಏನೆಂದರೆ, ಬೇಗ ಬಿಡಿ ಅಂತ ಕೇಳಬೇಡಿ, ತಾರೀಕು ಕೊಟ್ಟು ಕೇಳಿ. ಯಾವ ಕೆಲಸವನ್ನು ಯಾರಿಗೆ ಯಾವ ವಾರದಲ್ಲಿ ಕೆಟಿ (ಕೆಲಸ ಹೇಳಿಕೊಟ್ಟು ಒಪ್ಪಿಸುವುದು) ಮಾಡ್ತೀನಿ ಅಂತ ಒಂದು ಶೀಟ್ ಮಾಡಿ, ಉಳಿದ ರಜೆ ಇಷ್ಟು, ಅದನ್ನು ಹೊಂದಿಸಿ, ಬಾಕಿ ದಿನಕ್ಕೆ ಬೈಔಟ್ (ಕೆಲಸದ ಬದಲು ದುಡ್ಡು) ಕಟ್ಟುತ್ತೇನೆ ಅಂತ ಒಂದೇ ಮೇಲ್‌ನಲ್ಲಿ ಮ್ಯಾನೇಜರ್ ಮತ್ತು ಎಚ್‌ಆರ್ ಇಬ್ಬರಿಗೂ ಹಾಕಿ. ಹೊಸ ಕಂಪನಿಯ ಹೆಸರು ಬೇಡ. ಫೋನಲ್ಲಿ ಒಪ್ಪಿದ್ದನ್ನು ಅದೇ ದಿನ ಮೇಲ್‌ನಲ್ಲಿ ಬರೆದು ಕಳಿಸಿ. ಅವರು ಬರೆದುಕೊಟ್ಟ ಡ್ರಾಫ್ಟ್ ಮಾತ್ರ ಲೀಗಲ್ ನೋಟಿಸ್ ಥರ ಇತ್ತು, ಓದಿದರೆ ಮ್ಯಾನೇಜರ್ ಬಿಪಿ ಏರುತ್ತಿತ್ತು, ಮನೆಗೆ ಬಂದು ಪೂರ್ತಿ ನಾನೇ ತಿದ್ದಿ ಬರೆದೆ.

ಅಷ್ಟು ಸಲೀಸಾಗಿ ಆಗಲಿಲ್ಲ. ಮೊದಲ ಮೇಲ್‌ಗೆ ಆರು ದಿನ ಉತ್ತರವೇ ಇಲ್ಲ. ಆಮೇಲೆ ಮ್ಯಾನೇಜರ್ 75 ದಿನ ಅಂದರು, ನಾನು 45 ಅಂದೆ, ತರಕಾರಿ ಮಾರ್ಕೆಟ್ ಥರ ಎಳೆದಾಡಿ 52ಕ್ಕೆ ನಿಂತಿತು. ಹೊಸ ಕಡೆ ಒಂದು ವಾರ ಮುಂದಕ್ಕೆ ಹಾಕಿಸಿಕೊಂಡೆ. 12 ದಿನ ರಜೆ ಹೊಂದಿತು. 90ರಲ್ಲಿ ಬೈಔಟ್‌ಗೆ ಉಳಿದಿದ್ದು 26 ದಿನ.

ಅಸಲಿ ವಿಷಯ ಬಂದಿದ್ದು ಇಲ್ಲಿ. ಎಚ್‌ಆರ್ ಕಳಿಸಿದ ರಿಕವರಿ ಶೀಟಿನಲ್ಲಿ 26 ದಿನಕ್ಕೆ 91,000, ಅದರ ಮೇಲೆ 18% ಜಿಎಸ್‌ಟಿ ಸೇರಿಸಿ 1,07,380 ರೂಪಾಯಿ. ಎದೆ ಧಸಕ್ ಅಂತು. ಶೀಟ್ ಮೇಡಂಗೆ ವಾಟ್ಸಾಪ್ ಮಾಡಿದೆ. ರಾತ್ರಿ ಹತ್ತಕ್ಕೆ ಎರಡು ಸಾಲು ಬಂತು: ಗ್ರಾಸ್ (ಭತ್ಯೆ ಎಲ್ಲಾ ಸೇರಿದ ಸಂಬಳ) ಮೇಲೆ ಲೆಕ್ಕ ಹಾಕಿದ್ದಾರೆ, ಏಳನೇ ಪುಟ ತೋರಿಸಿ, ನೋಟಿಸ್ ಪೇ ಮೇಲೆ ಜಿಎಸ್‌ಟಿ ಬರಲ್ಲ, 2022ರ ಆಗಸ್ಟ್ 3ರ ಸರ್ಕ್ಯುಲರ್ ನೋಡೋಕೆ ಹೇಳಿ. ನನ್ನ ಬೇಸಿಕ್ 42,000. ಅಂದರೆ ದಿನಕ್ಕೆ 1,400, 26 ದಿನಕ್ಕೆ 36,400. ಆ ಎರಡು ಸಾಲನ್ನೇ ಮರ್ಯಾದೆಯಾಗಿ ಬರೆದು, ಏಳನೇ ಪುಟದ ಫೋಟೋ ಲಗತ್ತಿಸಿ ಕಳಿಸಿದೆ. ಮಾರನೇ ದಿನ ಮಧ್ಯಾಹ್ನ "ರಿವೈಸ್ಡ್ ಶೀಟ್" ಅಂತ ಬಂತು, 36,400. ತಪ್ಪಾಯಿತು ಅನ್ನುವ ಒಂದು ಮಾತೂ ಇರಲಿಲ್ಲ. ಎಷ್ಟು ಜನ ಆ ಮೊದಲ ಶೀಟನ್ನೇ ನೋಡಿ ಕಟ್ಟಿ ಹೋಗಿರಬಹುದು ಅಲ್ವಾ?

ಹೋಗುವವರಿಗೆ ಒಂದೆರಡು ಮಾತು. ಅಪಾಯಿಂಟ್‌ಮೆಂಟ್ ಲೆಟರ್, ಕಂಪನಿಯ ಎಚ್‌ಆರ್ ಪಾಲಿಸಿ, ಕೊನೆಯ ಮೂರು ಪೇಸ್ಲಿಪ್ ಪ್ರಿಂಟ್ ತಗೊಂಡೇ ಹೋಗಿ. ಪೇಪರ್ ಹಾಕುವ ಮೊದಲೇ ಹೋಗಿ, ನನ್ನ ಹಾಗೆ ಆಮೇಲೆ ಅಲ್ಲ. ಫೀಸು 2,000, ಯುಪಿಐ ನಡೆಯುತ್ತೆ, ರಸೀದಿ ಮಾತ್ರ ಕೇಳಿ ಪಡೆಯಬೇಕು. ವಾಟ್ಸಾಪ್‌ನಲ್ಲಿ ಕೇಳಿದ್ದಕ್ಕೆ ಜಾಸ್ತಿ ಏನೂ ತಗೊಳ್ಳಲಿಲ್ಲ. ಜಗಳ ಮಾಡಿಸಿ, ನೋಟಿಸ್ ಕಳಿಸಿ, ಇನ್ನೂ ಹತ್ತು ಸಾವಿರ ಎಳೆಯುವ ಅವಕಾಶ ಇತ್ತು, ಮಾಡಲಿಲ್ಲ. ನನ್ನ ಕಡೆಯಿಂದ ಐದಕ್ಕೆ ನಾಲ್ಕು.

ಎಫ್‌ಎನ್‌ಎಫ್, ಅಂದರೆ ಕೊನೆಯ ಲೆಕ್ಕ ಚುಕ್ತಾ ಮಾಡಿದ ದುಡ್ಡು, ಬಂದಿದ್ದು ಕೆಲಸ ಬಿಟ್ಟ 31ನೇ ದಿನ. ವೇತನ ಸಂಹಿತೆ ಪ್ರಕಾರ ಬಾಕಿ ಸಂಬಳ ಎರಡು ಕೆಲಸದ ದಿನದಲ್ಲಿ ಬರಬೇಕಿತ್ತು, ಆದರೆ ಆ ಹೊತ್ತಿಗೆ ನನಗೂ ಸುಸ್ತಾಗಿತ್ತು. ಮೇಡಂಗೆ ಥ್ಯಾಂಕ್ಸ್ ಅಂತ ಮೆಸೇಜ್ ಹಾಕಿದೆ. ಅದಕ್ಕೆ ಉತ್ತರ ಇಲ್ಲ, "ಪಿಎಫ್‌ನಲ್ಲಿ ಎಕ್ಸಿಟ್ ಡೇಟ್ ಹಾಕಿದ್ದಾರಾ ನೋಡಿ" ಅಂತ ಬಂತು. ನೋಡಿದೆ. ಹಾಕಿಲ್ಲ. ಕಂಪನಿಯವರು ಹಾಕದಿದ್ದರೆ ಪಿಎಫ್‌ನ ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಪಿಎಫ್‌ನ ಯುಎಎನ್ ಪೋರ್ಟಲ್‌ನಲ್ಲಿ ನಾವೇ ಹಾಕಿಕೊಳ್ಳಬಹುದು, ಇನ್ನೂ ಮೂರು ವಾರ ಇದೆ.