ಮಂಡಿಪೇಟೆಯ ಕೀ ಚಾಚಾ: ಲಾಕ್ ಸೆಟ್ ಬದಲಾಯಿಸುವ ಮುಂಚೆ ಇವರಿಗೊಮ್ಮೆ ತೋರಿಸಿ

ದಾವಣಗೆರೆ ಸುತ್ತಮುತ್ತ ಸೆಕೆಂಡ್ ಹ್ಯಾಂಡ್ ಕಾರು ಇಟ್ಟುಕೊಂಡವರಿಗೆ ಈ ಅಂಗಡಿ ಗೊತ್ತಿರಲೇಬೇಕು. ಅಂಗಡಿ ಅಂದರೆ ಮಂಡಿಪೇಟೆಯ ಒಂದು ಓಣಿಯಲ್ಲಿ ಕೀ ಕತ್ತರಿಸುವ ಮಷಿನ್ನು, ಒಂದು ಸ್ಟೂಲು, ಗೋಡೆ ತುಂಬ ತೂಗುಹಾಕಿದ ಕೀಗಳು. ಅಷ್ಟೇ. ಎಲ್ಲರೂ ಅವರನ್ನು ಚಾಚಾ ಅಂತಲೇ ಕರೆಯುತ್ತಾರೆ.

ನಾನು ಮದುವೆ ವಿಡಿಯೋ ಮಾಡುವವನು. ಕ್ಯಾಮೆರಾ, ಲೆನ್ಸು, ಲೈಟು ಎಲ್ಲ ಕಾರಿನಲ್ಲೇ ಇರುತ್ತವೆ. ನನ್ನದು ಹಳೇ ಡೀಸೆಲ್ ಹ್ಯಾಚ್‌ಬ್ಯಾಕ್. ರಿಮೋಟ್ ಒತ್ತಿದರೆ ಎಲ್ಲಾ ಬಾಗಿಲೂ ತೆಗೆಯುತ್ತಿತ್ತು, ಕೀಯಿಂದ ಗಾಡಿ ಸ್ಟಾರ್ಟ್ ಆಗುತ್ತಿತ್ತು. ಹರಿಹರದಲ್ಲಿ ಒಂದು ಮದುವೆ ದಿನ ಬೆಳಿಗ್ಗೆ ಕಾರಿನ ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು. ಆಗ ರಿಮೋಟಿಗೆ ಎಷ್ಟು ಹೊಸ ಸೆಲ್ ಹಾಕಿದರೂ ಪ್ರಯೋಜನವಿಲ್ಲ. ಅದರ ಸಿಗ್ನಲ್ ತಗೊಂಡು ಲಾಕ್ ತೆಗೆಯುವುದು ಕಾರಿನ ಬ್ಯಾಟರಿಯ ಕರೆಂಟಿನಿಂದ ತಾನೇ? ಉಳಿದಿದ್ದು ಲೋಹದ ಕೀ ಒಂದೇ. ಡ್ರೈವರ್ ಬಾಗಿಲಿಗೆ ಹಾಕಿದರೆ ಸಲೀಸಾಗಿ ಒಳಗೆ ಹೋಯಿತು, ಆದರೆ ಒಂದು ಕೂದಲೆಳೆಯಷ್ಟೂ ತಿರುಗಲಿಲ್ಲ. ಮುಹೂರ್ತ ಹತ್ತಿರ ಬರುತ್ತಿದೆ, ಕ್ಯಾಮೆರಾ ಗಾಜಿನ ಆಚೆ ಕಾಣುತ್ತಿದೆ. ಗ್ಲಾಸ್ ಒಡೆದುಬಿಡೋಣ ಅನ್ನುವವರೂ ಇದ್ದರು.

ಮಂಟಪದ ಎಲೆಕ್ಟ್ರಿಷಿಯನ್ ಚಾಚಾ ನಂಬರ್ ಕೊಟ್ಟರು. ಫೋನಿನಲ್ಲಿ ಅವರು ಹೇಳಿದ ಮೊದಲ ಮಾತು, "ಜೋರು ಮಾಡಿ ತಿರುಗಿಸಬ್ಯಾಡ್ರಿ, ಕೀ ಮುರೀತದೆ." ಎರಡನೇ ಮಾತು, "ಡಿಕ್ಕಿಗೆ ಹಾಕಿ ನೋಡ್ರಿ." ಹಾಕಿದೆ. ಟಕ್ ಅಂತ ತೆಗೆಯಿತು! ಹಿಂದಿನ ಸೀಟು ಮಡಚಿ ನಮ್ಮ ಹುಡುಗ ಒಳಗೆ ನುಸುಳಿದ, ಬಾಗಿಲು ತೆಗೆದ. ತಾಳಿ ಕಟ್ಟುವ ಹೊತ್ತಿಗೆ ಕ್ಯಾಮೆರಾ ಸ್ಟ್ಯಾಂಡ್ ಮೇಲಿತ್ತು. ಫೋನಿನಲ್ಲಿ ಹೇಳಿಕೊಟ್ಟಿದ್ದಕ್ಕೆ ಅವರು ಒಂದು ರೂಪಾಯಿಯನ್ನೂ ಕೇಳಲಿಲ್ಲ.

ಆಮೇಲೆ ಒಂದು ಸರ್ವಿಸ್ ಸೆಂಟರ್‌ನಲ್ಲಿ ವಿಚಾರಿಸಿದೆ. ಅವರು ಬೀಗವನ್ನು ಮುಟ್ಟಿಯೂ ನೋಡದೆ, ಪೂರ್ತಿ ಲಾಕ್ ಸೆಟ್, ಅಂದರೆ ಬಾಗಿಲು, ಡಿಕ್ಕಿ, ಇಗ್ನಿಷನ್ ಎಲ್ಲದರ ಬೀಗವನ್ನೂ ಬದಲಾಯಿಸಬೇಕು, ₹7,000 ಹತ್ತಿರ ಆಗುತ್ತೆ ಅಂದರು. ಡಿಕ್ಕಿ ತೆಗೆಯುತ್ತದೆ, ಇಗ್ನಿಷನ್ ತಿರುಗುತ್ತದೆ, ಆ ಎರಡನ್ನೂ ಯಾಕೆ ಬಿಸಾಡಬೇಕು? ಅದಕ್ಕೇ ಚಾಚಾ ಹತ್ತಿರ ಹೋದೆ.

ಅವರು ಮೊದಲು ಆರ್‌ಸಿ ಕೇಳಿದರು, ಅದರಲ್ಲಿದ್ದ ಹೆಸರನ್ನು ನನ್ನ ಡಿಎಲ್ ಜೊತೆ ಹೋಲಿಸಿ ನೋಡಿದರು. ಇದು ನನಗೆ ತುಂಬಾ ಹಿಡಿಸಿತು. ಆಮೇಲೆ ಬಾಗಿಲು ತೆಗೆದು ಅಂಚಿಗೆ ಟಾರ್ಚ್ ಹಿಡಿದರು. ಅಲ್ಲಿನ ರಬ್ಬರ್ ಮುಚ್ಚಳದ ಹಿಂದಿರುವ ಸ್ಕ್ರೂ ತಲೆಯಲ್ಲಿ ಪೇಂಟ್ ಎದ್ದಿತ್ತು. "ಈ ಹ್ಯಾಂಡಲ್ ಯಾವಾಗ್ಲೋ ಬಿಚ್ಚ್ಯಾರೆ ನೋಡ್ರಿ," ಅಂದರು. ಹಿಂದಿನ ಓನರ್ ಕಾಲದಲ್ಲಿ ಬಾಗಿಲಿಗೆ ಏಟು ಬಿದ್ದು, ಯಾರೋ ಬೇರೆ ಗಾಡಿಯ ಹ್ಯಾಂಡಲನ್ನು ಸಿಲಿಂಡರ್ (ಕೀ ಹಾಕಿ ತಿರುಗಿಸುವ ಬೀಗದ ಭಾಗ) ಸಮೇತ ಕೂರಿಸಿದ್ದರು. ರಿಮೋಟ್ ಕೆಲಸ ಮಾಡುವವರೆಗೂ ಇದು ಯಾರಿಗೂ ಗೊತ್ತಾಗುವುದಿಲ್ಲ.

ಸಿಲಿಂಡರ್ ಹೊರಗೆ ತೆಗೆದು ನನ್ನ ಕೀ ಹಾಕಿ ತೋರಿಸಿದರು. ಒಳಗೆ ತೆಳ್ಳನೆಯ ಹಿತ್ತಾಳೆ ಪ್ಲೇಟುಗಳು, ಒಂದೊಂದಕ್ಕೂ ಒಂದು ಪುಟಾಣಿ ಸ್ಪ್ರಿಂಗ್. ಸರಿಯಾದ ಕೀ ಹಾಕಿದರೆ ಎಲ್ಲಾ ಪ್ಲೇಟುಗಳೂ ಸಿಲಿಂಡರಿನ ಮಟ್ಟಕ್ಕೆ ಸರಿದು ನಿಲ್ಲಬೇಕು. ನನ್ನ ಕೀ ಹಾಕಿದಾಗ ಮೂರು ಪ್ಲೇಟು ಹೊರಗೆ ಚಾಚಿಕೊಂಡೇ ಇದ್ದವು. ಚಾಚಾ ಬಿಳಿ ಬಟ್ಟೆ ಹಾಸಿ ಎಲ್ಲವನ್ನೂ ಸಾಲಾಗಿ ಇಟ್ಟರು. ಪ್ಲೇಟುಗಳ ಮೇಲೆ ಸಣ್ಣ ಅಂಕಿ ಅಚ್ಚಾಗಿರುತ್ತದೆ, ಅದೇ ಅದರ ಅಳತೆ. ಎರಡರ ಜಾಗ ಅದಲುಬದಲು ಮಾಡಿದರು. ಮೂರನೆಯದಕ್ಕೆ ಹಳೇ ಬೀಗಗಳ ಡಬ್ಬಿಯಿಂದ ಒಂದು ಹುಡುಕಿ ಹಾಕಿದರು. ಕೀಯ ಒಂದು ಹಲ್ಲನ್ನೂ ಅರದಿಂದ ಮುಟ್ಟಲಿಲ್ಲ. ಕೀ ಉಜ್ಜಿದರೆ ಇಗ್ನಿಷನ್ ಮತ್ತು ಡಿಕ್ಕಿ ಕೈಕೊಡುತ್ತವೆ, ಅಲ್ವಾ? ಕೊನೆಗೆ ಗ್ರಾಫೈಟ್ ಪುಡಿ ಊದಿದರು. ಕೊಬ್ಬರಿ ಎಣ್ಣೆ, ಗ್ರೀಸ್ ಹಾಕಲೇಬೇಡಿ, ಅದು ಧೂಳು ಹಿಡಿದು ಪ್ಲೇಟು ಅಂಟುತ್ತವೆ ಅಂದರು.

ಎಲ್ಲಾ ಸೇರಿ ₹650. ಫೋನ್‌ಪೇ ಇದೆ. ಬಾಗಿಲು ಮುಚ್ಚುವ ಮುಂಚೆ ನನ್ನ ಕೈಯಲ್ಲೇ ಕೀ ಕೊಟ್ಟು ಮತ್ತೆ ಮತ್ತೆ ತಿರುಗಿಸಿ ನೋಡಿ ಅಂದರು.

ಕೊರತೆಯೂ ಇವೆ. ಓಣಿಯೊಳಗೆ ಕಾರು ನಿಲ್ಲಿಸುವುದು ಕಷ್ಟ, ಲಾರಿಗೆ ಮೂಟೆ ತುಂಬುವ ಹೊತ್ತಿನಲ್ಲಂತೂ ಆಗುವುದೇ ಇಲ್ಲ. ಕೆಲಸದಲ್ಲಿದ್ದರೆ ಫೋನ್ ಎತ್ತುವುದಿಲ್ಲ. ಬಿಲ್ ಕೇಳಿದರೆ ಮಾತ್ರ ಬರೆದುಕೊಡುತ್ತಾರೆ. ಚಿಪ್ ಇರುವ ಕೀ ಪ್ರೋಗ್ರಾಂ ಮಾಡುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತಾರೆ.

ಹಳೇ ಕಾರು ತಗೊಳ್ಳಲು ಹೊರಟವರು ದುಡ್ಡು ಕೊಡುವ ಮುಂಚೆ ರಿಮೋಟ್ ಮುಟ್ಟದೆ ಬರೀ ಕೀಯಿಂದ ಬಾಗಿಲು, ಡಿಕ್ಕಿ ಎರಡನ್ನೂ ತೆಗೆದು ನೋಡಿ. ಕೀ ತಿರುಗಿದರೂ ಬಾಗಿಲು ತೆಗೆಯದಿದ್ದರೆ ಅದು ಬೇರೆ ತೊಂದರೆ, ಸಿಲಿಂಡರ್ ಹಿಂದಿನ ಕಡ್ಡಿ ಅಥವಾ ಕ್ಲಿಪ್ ಕಳಚಿರಬಹುದು. ಎರಡನೇ ಕೀಯನ್ನೂ ಕೇಳಿ ತಗೊಳ್ಳಿ. ಗಾಡಿ ಕಳುವಾದರೆ ಇನ್ಶೂರೆನ್ಸ್‌ನವರು ಎರಡೂ ಕೀ ಕೇಳುತ್ತಾರೆ. ಕೀ ಜೊತೆ ನಂಬರ್ ಇರುವ ಸಣ್ಣ ಟ್ಯಾಗ್ ಇದ್ದರೆ ಅದನ್ನು ಮನೆಯಲ್ಲಿ ಜೋಪಾನವಾಗಿಡಿ. ಸವೆದ ಕೀಯನ್ನು ನೋಡಿ ನಕಲು ಮಾಡಿದರೆ ಸವೆತವೂ ನಕಲಾಗುತ್ತದೆ, ಆ ನಂಬರ್‌ನಿಂದ ಕತ್ತರಿಸಿದರೆ ಅಸಲಿ ಅಳತೆ ಬರುತ್ತದೆ.

ಚಾಚಾ ಹತ್ತಿರ ಹೋಗುವುದಾದರೆ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ, ಆರ್‌ಸಿ ಮರೆಯಬೇಡಿ. ಶುಕ್ರವಾರ ಮಧ್ಯಾಹ್ನ ನಮಾಜ್ ಮುಗಿಯುವವರೆಗೆ ಅವರು ಸಿಗುವುದಿಲ್ಲ.