ಆಫೀಸಿನ ಟ್ಯಾಲಿ, ಕ್ಲೌಡ್‌ನ ಟ್ಯಾಲಿ, ಝೋಹೋ ಬುಕ್ಸ್: ಮೂರನ್ನೂ ಬಳಸಿ ನೋಡಿದ ಮೇಲೆ

ಚಿಕ್ಕ ಅಕೌಂಟಿಂಗ್ ಆಫೀಸ್ ನಡೆಸುವ ನಾಲ್ಕು ಜನ ಸೇರಿದರೆ ಈಗ ಇದೇ ಮಾತು. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರನ್ನು ಕ್ಲೌಡ್‌ಗೆ (ಇಂಟರ್ನೆಟ್ ಮೂಲಕ ಬಳಸುವ ಬೇರೆಯವರ ಸರ್ವರ್‌ಗೆ) ಹಾಕಿಸೋದಾ, ಬ್ರೌಸರ್‌ನಲ್ಲೇ ಲೆಕ್ಕ ಬರೆಯುವ ಝೋಹೋ ಬುಕ್ಸ್‌ಗೆ ಹೋಗೋದಾ, ಇಲ್ಲಾ ಇರೋ ಹಾಗೇ ಇರೋದಾ?

ನಮ್ಮದು ಶಿವಮೊಗ್ಗದ ಆಫೀಸು. ಅಡಿಕೆ ಮಂಡಿಯವರು, ಹಾರ್ಡ್‌ವೇರ್ ಅಂಗಡಿಗಳು, ಕಿರಾಣಿ ಹೋಲ್‌ಸೇಲ್, ಒಂದೆರಡು ಪ್ರೈವೇಟ್ ಲಿಮಿಟೆಡ್ ಕಂಪನಿ, ಮನೆಯಿಂದಲೇ ಡಿಸೈನ್ ಕೆಲಸ ಮಾಡುವ ಹುಡುಗರು, ಹೀಗೆ ಎಲ್ಲ ಥರದ ಪಾರ್ಟಿಗಳೂ, ಅಂದರೆ ನಮ್ಮ ಗ್ರಾಹಕರು, ಇದ್ದಾರೆ. ಡೆಮೋ ನೋಡಿ ಬರೆಯುತ್ತಿಲ್ಲ. ಮೂರರಲ್ಲೂ ಪಾರ್ಟಿಗಳ ಲೆಕ್ಕ ಬರೆದು, ರಿಟರ್ನ್ ಫೈಲ್ ಮಾಡಿದ್ದೇವೆ. ನನಗೆ ಅನಿಸಿದ್ದು ಇಷ್ಟು: ಯಾವ ಸಾಫ್ಟ್‌ವೇರ್ ಅಂತ ಕೇಳುವ ಮೊದಲು, ಆ ಪಾರ್ಟಿಯ ಎಂಟ್ರಿ ಯಾರು ಹಾಕುತ್ತಾರೆ ಅಂತ ಕೇಳಬೇಕು. ನಾವು ಹಾಕುವುದಾದರೆ ಉತ್ತರ ಒಂದು, ಅವರೇ ಹಾಕುವುದಾದರೆ ಇನ್ನೊಂದು.

ಮೊದಲು ಆಫೀಸಿನ ಟ್ಯಾಲಿ. ಎಂಟ್ರಿಯ ವೇಗಕ್ಕೆ ಇದನ್ನು ಮೀರಿಸಿದ್ದು ನಾನು ನೋಡಿಲ್ಲ. ನಮ್ಮ ಆಫೀಸಿನ ಹುಡುಗಿ ಎಫ್9 ಒತ್ತಿ ಪರ್ಚೇಸ್ ಬಿಲ್ ಹಾಕುವಾಗ ಮೌಸ್ ಮುಟ್ಟುವುದೇ ಇಲ್ಲ. ಕಣ್ಣು ಬಿಲ್ ಮೇಲೆ, ಬೆರಳು ಕೀಬೋರ್ಡ್ ಮೇಲೆ, ಕೊನೆಗೆ ಕಂಟ್ರೋಲ್-ಎ. ಒಂದು ಕಟ್ಟು ಬಿಲ್ ಮುಗಿದಾಗಲೇ ತಲೆ ಎತ್ತುವುದು. ನಾವು ಟ್ಯಾಲಿಯ ಗೋಲ್ಡ್ ಲೈಸೆನ್ಸ್ ತಗೊಂಡಾಗ ಸಿಲ್ವರ್‌ಗೆ 22,500, ಗೋಲ್ಡ್‌ಗೆ 67,500 ರೂಪಾಯಿ ಇತ್ತು, ಅದರ ಮೇಲೆ ಶೇ 18 ಜಿಎಸ್‌ಟಿ. ಸಿಲ್ವರ್ ಅಂದರೆ ಒಬ್ಬರೇ, ಗೋಲ್ಡ್ ಅಂದರೆ ಆಫೀಸಿನ ನೆಟ್‌ವರ್ಕ್‌ನಲ್ಲಿ ಎಲ್ಲರೂ. ಮೂರು ಜನ ಕೂರುವ ಆಫೀಸಿಗೆ ಗೋಲ್ಡ್ ಬೇಕೇ ಬೇಕು.

ಇದರ ತೊಂದರೆ ಕಾಣುವುದು ಆಫೀಸಿನಿಂದ ಹೊರಗೆ ಕಾಲಿಟ್ಟಾಗ. ಟ್ಯಾಲಿಯಲ್ಲೇ ರಿಮೋಟ್ ಸೌಲಭ್ಯ ಇದೆ, ಅದಕ್ಕೆ ಬೇರೆ ಬಾಡಿಗೆ ಇಲ್ಲ. ಆದರೆ ಟಿಎಸ್‌ಎಸ್ (ಟ್ಯಾಲಿಯ ನವೀಕರಣ ಚಂದಾ) ಚಾಲ್ತಿಯಲ್ಲಿರಬೇಕು, ಆಫೀಸಿನ ಕಂಪ್ಯೂಟರ್ ಆನ್ ಇರಬೇಕು, ಕಂಪನಿ (ಒಬ್ಬ ಪಾರ್ಟಿಯ ಲೆಕ್ಕಪುಸ್ತಕಕ್ಕೆ ಟ್ಯಾಲಿಯಲ್ಲಿ ಹೀಗೆ ಹೇಳುತ್ತಾರೆ) ಲೋಡ್ ಆಗಿರಬೇಕು. ಮಳೆಗಾಲದ ಶಿವಮೊಗ್ಗದಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೂಡ ಕೂತರೆ, ಮನೆಯಲ್ಲಿ ಕೂತವರ ಕೆಲಸವೂ ನಿಂತಿತು. ಕೆಲವರು ಇದಕ್ಕೆ ಸುಲಭದ ದಾರಿ ಅಂತ ರೌಟರ್‌ನಲ್ಲಿ 3389 ಪೋರ್ಟ್ (ಇಂಟರ್ನೆಟ್‌ನಿಂದ ಒಳಗೆ ಬರುವ ಬಾಗಿಲು) ತೆರೆದು ನೇರವಾಗಿ ರಿಮೋಟ್ ಡೆಸ್ಕ್‌ಟಾಪ್, ಅಂದರೆ ದೂರದ ಕಂಪ್ಯೂಟರಿನ ಪರದೆಯನ್ನು ನಮ್ಮಲ್ಲಿ ತೆರೆಯುವ ಸೌಲಭ್ಯ, ಬಳಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಡೇಟಾ ಲಾಕ್ ಮಾಡಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್‌ನವರು ಮೊದಲು ತಟ್ಟುವ ಬಾಗಿಲುಗಳಲ್ಲಿ ಅದೂ ಒಂದು. ಎಷ್ಟೋ ಪಾರ್ಟಿಗಳ ಪುಸ್ತಕ ಅದರ ಹಿಂದೆ ಇದೆ, ಅಲ್ವಾ?

ಎರಡನೆಯದು ಕ್ಲೌಡ್‌ನಲ್ಲಿ ಟ್ಯಾಲಿ. ಹೆಸರು ಕೇಳಿ ಇದು ಬೇರೆಯೇ ಟ್ಯಾಲಿ ಅಂದುಕೊಳ್ಳುವವರು ಇದ್ದಾರೆ. ಅದೇ ಟ್ಯಾಲಿ, ಬೇರೆಯವರ ವಿಂಡೋಸ್ ಸರ್ವರ್‌ನಲ್ಲಿ ಇರುತ್ತದೆ, ನಾವು ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಒಳಗೆ ಹೋಗುತ್ತೇವೆ. ಟ್ಯಾಲಿ ಕಂಪನಿಯೇ ಅಮೆಜಾನ್‌ನ ಸರ್ವರ್ ಮೇಲೆ ಇಂಥ ಸೇವೆ ಕೊಡುತ್ತದೆ. ಹೀಗೆ ಸರ್ವರ್ ಬಾಡಿಗೆಗೆ ಕೊಡುವ ಹೊರಗಿನ ಹೋಸ್ಟಿಂಗ್‌ನವರೂ ಬೇಕಾದಷ್ಟು ಜನ ಇದ್ದಾರೆ. ತಲೆಗೆ ಇಷ್ಟು ಅಂತ ತಿಂಗಳ ಬಾಡಿಗೆ. ಹೊರಗಿನವರ ಹತ್ತಿರ ಹೋದರೆ ಲೈಸೆನ್ಸ್ ಸಾಮಾನ್ಯವಾಗಿ ನಮ್ಮದೇ ಆಗಿರಬೇಕು. ಅದನ್ನು ಆಫೀಸಿನ ಕಂಪ್ಯೂಟರ್‌ನಲ್ಲಿ ಸರೆಂಡರ್ ಮಾಡಿ ಅವರ ಸರ್ವರ್‌ನಲ್ಲಿ ಆಕ್ಟಿವೇಟ್ ಮಾಡಬೇಕು. ಆಮೇಲೆ ಆಫೀಸಿನ ಕಂಪ್ಯೂಟರ್‌ನಲ್ಲಿ ಅದೇ ಲೈಸೆನ್ಸ್ ನಡೆಯುವುದಿಲ್ಲ.

ಒಳ್ಳೆಯದು ಏನು? ಹೆರಿಗೆ ರಜೆಯ ನಂತರ ನಮ್ಮ ಅಕೌಂಟೆಂಟ್ ಒಬ್ಬರು ಸಾಗರದ ಮನೆಯಿಂದಲೇ ಕೆಲಸಕ್ಕೆ ಬಂದರು. ಅವರಿಗೆ ಹೊಸದಾಗಿ ಏನೂ ಕಲಿಸಬೇಕಾಗಲಿಲ್ಲ. ಅದೇ ಕೀಲಿಗಳು, ಅದೇ ಲೆಡ್ಜರ್. ಇದಕ್ಕಿಂತ ದೊಡ್ಡ ಲಾಭ ನನಗೆ ಇನ್ನೊಂದು ಕಾಣುವುದಿಲ್ಲ. ಒಳ್ಳೆ ಕೈ ಇರುವವರು ಕೆಲಸ ಬಿಡದೇ ಉಳಿಯುತ್ತಾರೆ.

ಕಿರಿಕಿರಿ ಶುರುವಾಗುವುದು ಪ್ರಿಂಟ್ ಕೊಟ್ಟಾಗ. ಪ್ರಿಂಟರ್ ಹೆಸರಿನ ಮುಂದೆ ಬ್ರ್ಯಾಕೆಟ್‌ನಲ್ಲಿ ರಿಡೈರೆಕ್ಟೆಡ್ 2 ಅಂತ ಬರುತ್ತದೆ. ಒಂದು ಸಲ ಲಾಗೌಟ್ ಆಗಿ ಬಂದರೆ 2 ಹೋಗಿ 5 ಆಗಿರುತ್ತದೆ, ಟ್ಯಾಲಿ ಹಳೆಯದನ್ನೇ ಹುಡುಕುತ್ತಾ ಕೂರುತ್ತದೆ. ನಾವು ಪ್ರಿಂಟ್ ಬಿಟ್ಟು ಪಿಡಿಎಫ್ ತೆಗೆದು ಇಳಿಸಿಕೊಳ್ಳುವುದನ್ನು ರೂಢಿ ಮಾಡಿಕೊಂಡೆವು. ಡಿಜಿಟಲ್ ಸಹಿಯ ಟೋಕನ್ (ಪೆನ್‌ಡ್ರೈವ್ ಥರದ್ದು) ನಮ್ಮ ಕಂಪ್ಯೂಟರ್‌ಗೆ ಚುಚ್ಚಿರುತ್ತದೆ, ಹಾಗಾಗಿ ಸರ್ಕಾರಿ ಪೋರ್ಟಲ್ ಕೆಲಸ ಎಲ್ಲ ಇಲ್ಲೇ, ಟ್ಯಾಲಿ ಮಾತ್ರ ಅಲ್ಲಿ. ನೆಟ್ ನಿಧಾನ ಇದ್ದರೆ ಒತ್ತಿದ ಅಂಕಿ ಅರೆಗಳಿಗೆ ಬಿಟ್ಟು ಮೂಡುತ್ತದೆ. ವೇಗವಾಗಿ ಹಾಕುವವರಿಗೆ ಇದು ಹಿಂಸೆ. ಸರ್ವರ್ ಮುಂಬೈನಲ್ಲೋ ಹೈದರಾಬಾದ್‌ನಲ್ಲೋ ಇದ್ದರೆ ಅಷ್ಟು ಗೊತ್ತಾಗುವುದಿಲ್ಲ.

ಹೋಸ್ಟಿಂಗ್‌ನವರ ನಿಜವಾದ ಪರೀಕ್ಷೆ 11ರಿಂದ 20ನೇ ತಾರೀಖಿನ ಒಳಗೆ. 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್), 14ಕ್ಕೆ 2ಬಿ (ಖರೀದಿಯ ತೆರಿಗೆ ಕ್ರೆಡಿಟ್ ಪಟ್ಟಿ) ಬರುತ್ತದೆ, 20ಕ್ಕೆ 3ಬಿ (ತೆರಿಗೆ ಕಟ್ಟುವ ರಿಟರ್ನ್). ಒಂದೇ ಸರ್ವರ್‌ನಲ್ಲಿ ನಮ್ಮಂಥ ಹತ್ತಾರು ಆಫೀಸುಗಳನ್ನು ತುಂಬಿದ್ದರೆ ಎಲ್ಲರೂ ಅದೇ ದಿನ ಮುಗಿಬೀಳುತ್ತಾರೆ. ನಾವು ಮೊದಲು ಸೇರಿದ್ದ ಕಡೆ ಬಾಡಿಗೆ ಕಮ್ಮಿ ಇತ್ತು. 20ರ ಸಂಜೆ ಸರ್ವರ್ ಬಿತ್ತು. ಫೋನ್ ಎತ್ತಲಿಲ್ಲ, ದೂರಿನ ಟಿಕೆಟ್ ಹಾಕಿ ಅಂದರು. ರಾತ್ರಿ ವಾಪಸ್ ಬಂದಾಗ ಒಂದು ಕಂಪನಿಯ ಡೇಟಾ ತೆರೆಯಲಿಲ್ಲ. ನಿನ್ನೆಯ ಬ್ಯಾಕಪ್ ಕೊಡಿ ಅಂದರೆ ಅವರು ಕೊಟ್ಟದ್ದು ಹೋದ ವಾರದ್ದು. ನಮ್ಮ ಹುಡುಗಿ ದಿನಾ ಸಂಜೆ ಡೇಟಾ ಫೋಲ್ಡರ್ ಇಳಿಸಿ ಇಟ್ಟಿದ್ದರಿಂದ ಅವತ್ತು ಅದನ್ನೇ ತೆರೆದು ಫೈಲ್ ಮಾಡಿದೆವು.

ಬ್ಯಾಕಪ್ ಬರೀ ನಮ್ಮ ಸಮಾಧಾನಕ್ಕೆ ಇರುವುದಲ್ಲ. ಕಂಪನಿಗಳ ಲೆಕ್ಕಪುಸ್ತಕದ ಬ್ಯಾಕಪ್ ಭಾರತದಲ್ಲೇ ಇರುವ ಸರ್ವರ್‌ನಲ್ಲಿ ದಿನಾ ಇರಬೇಕು ಅಂತ 2022ರಲ್ಲಿ ನಿಯಮ ಬಿಗಿ ಮಾಡಿದರು. ಅದಕ್ಕೆ ಮೊದಲು ಆಗಾಗ ತೆಗೆದರೆ ಸಾಕಿತ್ತು. 2023ರ ಏಪ್ರಿಲ್ 1ರಿಂದ ಎಡಿಟ್ ಲಾಗ್ ಕೂಡ ಕಡ್ಡಾಯ. ಯಾರು ಯಾವಾಗ ಏನು ತಿದ್ದಿದರು ಅನ್ನೋದು ದಾಖಲಾಗಬೇಕು, ಅದನ್ನು ಆಫ್ ಮಾಡಲು ಆಗಬಾರದು. ಟ್ಯಾಲಿಯಲ್ಲಿ ಇದಕ್ಕೆಂದೇ ಎಡಿಟ್ ಲಾಗ್ ಅನ್ನೋ ಬೇರೆ ಆವೃತ್ತಿ ಇದೆ. ಪ್ರೈವೇಟ್ ಲಿಮಿಟೆಡ್ ಪಾರ್ಟಿ ಇದ್ದರೆ ಹೋಸ್ಟಿಂಗ್‌ನವರು ಯಾವುದನ್ನು ಹಾಕಿಕೊಟ್ಟಿದ್ದಾರೆ ಅಂತ ನೋಡಿಕೊಳ್ಳಿ.

ಈಗ ಝೋಹೋ ಬುಕ್ಸ್. ಇದು ಹುಟ್ಟಿದ್ದೇ ಬ್ರೌಸರ್‌ಗೆ. ಇನ್‌ಸ್ಟಾಲ್ ಇಲ್ಲ, ರಿಮೋಟ್ ಇಲ್ಲ, ನಮ್ಮ ಡೇಟಾ ದೇಶದೊಳಗಿನ ಡೇಟಾ ಸೆಂಟರ್‌ನಲ್ಲೇ ಇರುತ್ತದೆ. ನಮ್ಮ ಡಿಸೈನ್ ಹುಡುಗರು ಮೊಬೈಲ್‌ನಲ್ಲೇ ಇನ್‌ವಾಯ್ಸ್ ಮಾಡಿ ಕಳಿಸುತ್ತಾರೆ. ಬ್ಯಾಂಕ್ ಸ್ಟೇಟ್‌ಮೆಂಟ್ ಹಾಕಿದರೆ ಬಂದ ದುಡ್ಡು ಯಾವ ಬಿಲ್ಲಿನದ್ದು ಅಂತ ಅದೇ ತೋರಿಸುತ್ತದೆ, ನಾವು ಸರಿ ಅನ್ನಬೇಕು ಅಷ್ಟೇ. ತಿಂಗಳ ಕೊನೆಗೆ ವಾಟ್ಸಾಪ್‌ನಲ್ಲಿ ಬಿಲ್ಲಿನ ಫೋಟೋ ಬೇಡುವ ಕೆಲಸ ತಪ್ಪಿತು. ಅವರು ಬಿಲ್ ಮಾಡಿದ ತಕ್ಷಣ ನಮಗೂ ಕಾಣುತ್ತದೆ. ರಿಟರ್ನ್ ಮುಗಿದ ತಿಂಗಳನ್ನು ಲಾಕ್ ಮಾಡಿಬಿಡುತ್ತೇವೆ, ಆಮೇಲೆ ಯಾರೂ ಹಳೆಯ ಬಿಲ್ ತಿದ್ದುವ ಹಾಗಿಲ್ಲ.

ಜಿಎಸ್‌ಟಿ ಫೈಲಿಂಗ್‌ನಲ್ಲಿ ಮೊದಲು ಝೋಹೋ ಮುಂದಿತ್ತು. 2024ರಲ್ಲಿ ಟ್ಯಾಲಿಯ ಹೊಸ ಆವೃತ್ತಿ ಟ್ಯಾಲಿಪ್ರೈಮ್ 5.0 ಬಂದಮೇಲೆ ಅಲ್ಲಿಂದಲೂ ನೇರ ಪೋರ್ಟಲ್‌ಗೆ ಅಪ್‌ಲೋಡ್ ಆಗುತ್ತದೆ, 2ಬಿ ಇಳಿಯುತ್ತದೆ. ಈಗ ಹೇಳಿಕೊಳ್ಳುವಂಥ ಫರಕ್ ಇಲ್ಲ.

ಆದರೆ ಮಂಡಿಯ ಲೆಕ್ಕವನ್ನು ಝೋಹೋದಲ್ಲಿ ಹಾಕಿ ನೋಡಿದಾಗ ನಮ್ಮ ಕೈ ಕಟ್ಟಿಹಾಕಿದ ಹಾಗಾಯಿತು. ಪ್ರತಿ ಬಿಲ್ಲಿಗೂ ಪುಟ ತೆರೆಯಬೇಕು, ಮೌಸ್ ಹಿಡಿಯಬೇಕು. ಎಕ್ಸೆಲ್‌ನಿಂದ ಇಂಪೋರ್ಟ್ ಮಾಡಬಹುದು, ಸರಿ. ಆದರೆ ಕೈಬರಹದ ಬಿಲ್ ಪುಸ್ತಕ ಮೊದಲು ಎಕ್ಸೆಲ್‌ಗೆ ಬರಬೇಕಲ್ಲ? ಎರಡು ಸಲ ಬರೆಯುವ ಕೆಲಸ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಬದಲಾದಾಗಲೂ ಇದು ಕಂಡಿತು. ತುಪ್ಪ, ಬೆಣ್ಣೆ ಶೇ 12ರಿಂದ 5ಕ್ಕೆ ಬಂತು. ಟ್ಯಾಲಿಯಲ್ಲಿ ಸ್ಟಾಕ್ ಗ್ರೂಪ್‌ಗೇ (ಒಂದೇ ಥರದ ಐಟಂಗಳ ಗುಂಪಿಗೇ) ಹೊಸ ದರ ಮತ್ತು ಯಾವ ತಾರೀಖಿನಿಂದ ಅನ್ನೋದು ಕೊಟ್ಟೆವು. ಅದರಡಿ ಇದ್ದ ಐಟಂಗಳೆಲ್ಲ ತಾವೇ ಬದಲಾದವು. ಝೋಹೋದಲ್ಲಿ ಐಟಂಗಳ ಪಟ್ಟಿಯನ್ನೇ ಹಿಡಿದು ದರ ತಿದ್ದಬೇಕಾಯಿತು.

ನನಗೆ ತುಂಬ ಮುಖ್ಯ ಅನಿಸಿದ ವ್ಯತ್ಯಾಸ ಇನ್ನೊಂದಿದೆ. ಪಾರ್ಟಿ ನಮ್ಮನ್ನು ಬಿಟ್ಟು ಬೇರೆಯವರ ಹತ್ತಿರ ಹೋದರೆ ಏನಾಗುತ್ತದೆ? ಟ್ಯಾಲಿಯಲ್ಲಿ ಆ ಕಂಪನಿಯ ಫೋಲ್ಡರ್ ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟರೆ ಮುಗಿಯಿತು. ಅವರ ಹತ್ತಿರ ಅದೇ ಅಥವಾ ಮುಂದಿನ ಆವೃತ್ತಿ ಇದ್ದರೆ ಲೆಡ್ಜರ್ ಸಮೇತ ತೆರೆದುಕೊಳ್ಳುತ್ತದೆ. ಝೋಹೋದಿಂದ ಬ್ಯಾಕಪ್ ತೆಗೆದರೆ ಸಿಗುವುದು ಜಿಪ್ ಕಟ್ಟಿದ ಸಿಎಸ್‌ವಿ ಫೈಲುಗಳು, ಅಂದರೆ ಎಕ್ಸೆಲ್‌ನಲ್ಲಿ ತೆರೆಯುವ ಸಾದಾ ಪಟ್ಟಿಗಳು. ಅಂಕಿಗಳೆಲ್ಲ ಅದರಲ್ಲಿವೆ, ಆದರೆ ಪುಸ್ತಕವಾಗಿ ಬೇರೆ ಸಾಫ್ಟ್‌ವೇರ್‌ನಲ್ಲಿ ತೆರೆಯುವುದಿಲ್ಲ. ಹಾಗಾಗಿ ಝೋಹೋ ಚಂದಾ ಪಾರ್ಟಿಯ ಹೆಸರಿನಲ್ಲೇ, ಅವರ ಇಮೇಲ್‌ನಲ್ಲೇ ಇರಲಿ. ನಮ್ಮನ್ನು ಅಕೌಂಟೆಂಟ್ ಅಂತ ಅವರು ಒಳಗೆ ಕರೆಯಲಿ. ಬಿಟ್ಟು ಹೋದರೆ ನಮ್ಮ ಹೆಸರು ತೆಗೆದರೆ ಆಯಿತು, ಪುಸ್ತಕ ಅವರ ಹತ್ತಿರವೇ ಉಳಿಯುತ್ತದೆ. ಕಂಪನಿಗಳು 8 ವರ್ಷದ ಪುಸ್ತಕ ಇಟ್ಟುಕೊಳ್ಳಬೇಕು ಅನ್ನೋದನ್ನು ನೆನೆದರೆ ಇದು ಸಣ್ಣ ವಿಷಯ ಅಲ್ಲ.

ನಮ್ಮಲ್ಲಿ ಈಗ ಹೀಗೆ ನಡೆಯುತ್ತಿದೆ. ನಾವೇ ಎಂಟ್ರಿ ಹಾಕುವ ಮಂಡಿ, ಕಿರಾಣಿ, ಹಾರ್ಡ್‌ವೇರ್ ಲೆಕ್ಕ ಎಲ್ಲ ಗೋಲ್ಡ್‌ನಲ್ಲಿ, ಬಾಡಿಗೆ ಜಾಸ್ತಿ ಇದ್ದರೂ ಫೋನ್ ಎತ್ತುವ ಇನ್ನೊಬ್ಬ ಹೋಸ್ಟಿಂಗ್‌ನವರ ಹತ್ತಿರ. ಸೇರುವ ಮೊದಲು ಅವರಿಗೆ ಒಂದೇ ಕೆಲಸ ಹೇಳಿದ್ದೆ: ಒಂದು ಕಂಪನಿಯನ್ನು ಸುಮ್ನೆ ಅಳಿಸಿ, ನಿನ್ನೆಯ ಬ್ಯಾಕಪ್‌ನಿಂದ ನನ್ನ ಎದುರಿಗೇ ವಾಪಸ್ ತಂದು ತೋರಿಸಿ ಅಂತ. ತಂದು ತೋರಿಸಿದರು. ಅಷ್ಟಾದರೂ ಸಂಜೆ ಫೋಲ್ಡರ್ ಇಳಿಸುವುದನ್ನು ನಿಲ್ಲಿಸಿಲ್ಲ. ತಾವೇ ಬಿಲ್ ಮಾಡುವ ಸರ್ವಿಸ್ ಪಾರ್ಟಿಗಳು ಝೋಹೋದಲ್ಲಿದ್ದಾರೆ. ಒಬ್ಬರೇ ಕೂತು ಕೆಲಸ ಮಾಡುವವರಾದರೆ, ಹೊರಗಿನಿಂದ ನೋಡುವುದು ಅಪರೂಪವಾದರೆ, ಆಫೀಸಿನ ಸಿಲ್ವರ್ ಮತ್ತು ಒಳ್ಳೆಯ ಬ್ಯಾಕಪ್ ಸಾಕು, ಕ್ಲೌಡ್‌ಗೆ ದುಡ್ಡು ಹಾಕುವುದು ಬೇಡ.

ಬದಲಾಯಿಸುವುದಾದರೆ ಏಪ್ರಿಲ್ 1ಕ್ಕೆ ಬದಲಾಯಿಸಿ. ಮಾರ್ಚ್ 31ರ ಬ್ಯಾಲೆನ್ಸ್‌ಗಳನ್ನು ಓಪನಿಂಗ್ ಆಗಿ ಹಾಕಿದರೆ ಹೊಸ ವರ್ಷ ಶುದ್ಧವಾಗಿ ಶುರುವಾಗುತ್ತದೆ. ವರ್ಷದ ನಡುವೆ ಹೋದರೆ ಜಿಎಸ್‌ಟಿಆರ್-9 (ವಾರ್ಷಿಕ ರಿಟರ್ನ್) ಮಾಡುವಾಗ ಅರ್ಧ ವರ್ಷ ಒಂದರಿಂದ, ಅರ್ಧ ವರ್ಷ ಇನ್ನೊಂದರಿಂದ ತೆಗೆದು ಕೂಡಿಸುತ್ತಾ ಕೂರಬೇಕು.